ದ್ರಾಕ್ಷಿ ತೋಟದ ತೆರೆಸಾ, ಕಾಲೇಜಿನ ಎವುಲಾಲಿಯಾ

ಮದೇರಾದ ದ್ರಾಕ್ಷಿ ತೋಟಗಳಲ್ಲಿ ತೆರೆಸಾ ಎಂದರೆ ಅರಿಯದವರಿಲ್ಲ. ಬಳ್ಳಿಸಾಲಿನ ನಡುವೆ ಕಾಗದ ಹಾಸಿ, ಗೊಂಚಲು ಕೊಯ್ದು ಒಣದ್ರಾಕ್ಷಿಗೆಂದು ಬಿಸಿಲಿಗೆ ಹರಡುವುದರಲ್ಲಿ ಅವಳ ಕೈಗೆ ಸಾಟಿಯಾದ ಕೈ ಇನ್ನೊಂದಿಲ್ಲ. ಆದರೆ ತೆರೆಸಾ ಅವಳ ಹೆಸರಲ್ಲ. ಒಂಬತ್ತು ವರ್ಷದ ಹಿಂದೆ ಮೆಕ್ಸಿಕೋದಿಂದ ಗಡಿ ದಾಟಿ ಬಂದಾಗ ಕೆಲಸಕ್ಕೆಂದು ಕೊಂಡ ಕಾಗದಗಳಲ್ಲಿ ಆ ಹೆಸರಿತ್ತು. ಯಾರದೋ ಅಂಗಿ ತೊಟ್ಟಂತೆ ತೊಟ್ಟುಕೊಂಡಳು. ಅಲ್ಲಿನ ಓಹಾಕಾದ ಬೆಟ್ಟದೂರಲ್ಲಿ ಹೆತ್ತವ್ವ ಇಟ್ಟ ಹೆಸರು ಎವುಲಾಲಿಯಾ ಬೌತಿಸ್ತಾ.

ಆ ಶನಿವಾರ ಬೆಳಿಗ್ಗೆ ಅವಳು ಕಾಲೇಜಿಗೆ ಹೋದದ್ದು ಮಗಳ ಸಲುವಾಗಿ. ನಯೇಲಿಗೆ ಹದಿನೇಳು. ತಾಯಿಯ ಕೈ ಹಿಡಿದು ಗಡಿ ದಾಟಿದ ಹುಡುಗಿ. ವಲಸೆ ಕಾಗದವಿಲ್ಲದ ವಿದ್ಯಾರ್ಥಿಗಳಿಗೂ ರಾಜ್ಯ ಕೊಡುವ ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬಬೇಕಿತ್ತು. ಮೇಜಿನಾಚೆ ಕುಳಿತ ಅಬ್ನೆರ್ ಎಂಬ ತರುಣ ತಾನೂ ಒಂದು ಕಾಲಕ್ಕೆ ಅದೇ ಅರ್ಜಿ ತುಂಬಿ ಓದಿದವನು. ಅರ್ಧ ಗಂಟೆಯಲ್ಲಿ ನಯೇಲಿಯದು ಮುಗಿಸಿ ತಾಯಿಯ ಕಡೆ ತಿರುಗಿ, ಹಿರಿಯರನ್ನು ಕರೆಯುವಂತೆ ಕರೆದ.

"ದೋನ್ಯಾ, ನೀವು ಇಲ್ಲಿ ಎಲ್ಲಾದ್ರೂ ಓದಿದ್ದೀರಾ?"

"ನಾನಾ? ದೊಡ್ಡೋರ ಸಂಜೆ ಶಾಲೇಲಿ ಐದು ವರ್ಷ. ಹೋದ ಚಳಿಗಾಲ ಹೈಸ್ಕೂಲ್ ಪರೀಕ್ಷೇನೂ ಪಾಸಾಯ್ತು."

"ಹಂಗಾದ್ರೆ ನೀವೂ ಅರ್ಜಿ ಹಾಕ್ಬೋದು. ಈ ರಾಜ್ಯದಲ್ಲಿ ಮೂರು ವರ್ಷ ಓದಿರ್ಬೇಕು ಅಂತ ನಿಯಮ, ಅದಕ್ಕೆ ಆ ಸಂಜೆ ಶಾಲೆ ಗಂಟೆಗಳೂ ಸೇರ್ತವೆ."

"ನಲವತ್ಮೂರು ವರ್ಷದೋಳ ಹತ್ರ ತಮಾಷೆ ಮಾಡ್ತೀಯೇನಪ್ಪ?"

"ಇದ್ರಲ್ಲಿ ವಯಸ್ಸು ಅಡ್ಡ ಬರಲ್ಲ, ದೋನ್ಯಾ."

ಎವುಲಾಲಿಯಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಒಂದು ವರ್ಷದಿಂದ ಅವಳೊಳಗೆ ಒಂದಾಸೆ ಕುದಿಯುತ್ತಿತ್ತು. ಬೆರಳು ಕೊಯ್ದುಕೊಂಡು ಆಸ್ಪತ್ರೆಗೆ ಹೋದ ದಿನ, ಅಲ್ಲಿ ಹೆರಿಗೆ ನೋವಿನಲ್ಲಿದ್ದ ತನ್ನ ಬೆಟ್ಟದ ಕಡೆಯ ಹೆಣ್ಣೊಬ್ಬಳಿಗೆ ತಮ್ಮ ಮಿಸ್ತೆಕೊ ಬಿಟ್ಟು ಬೇರೆ ನುಡಿ ಬರುತ್ತಿರಲಿಲ್ಲ. ಡಾಕ್ಟರಿಗೆ ಅದು ತಿಳಿಯುತ್ತಿರಲಿಲ್ಲ. ಮಗು ಅಳುವ ತನಕ ಎವುಲಾಲಿಯಾ ನಡುವೆ ನಿಂತು ಮಾತು ದಾಟಿಸಿದ್ದಳು. ದುಭಾಷಿಯ ಕಲಿಕೆ ಇದೇ ಕಾಲೇಜಿನಲ್ಲಿತ್ತು. ಆದರೆ ಒಬ್ಬಳ ಕೂಲಿಯಲ್ಲಿ ಇಬ್ಬರು ಓದಲಾಗದೆಂದು ಬಾಯಿ ಬಿಟ್ಟಿರಲಿಲ್ಲ.

ಅಬ್ನೆರ್ ಆಗಲೇ ಸಂಜೆ ಶಾಲೆಗೆ ಫೋನು ಹಚ್ಚಿದ್ದ. ಕೇಳಿಕೊಂಡು ಮುಖ ಸಣ್ಣ ಮಾಡಿದ. "ಎವುಲಾಲಿಯಾ ಬೌತಿಸ್ತಾ ಅನ್ನೋರು ಅಲ್ಲಿ ಓದೇ ಇಲ್ವಂತೆ."

"ತೆರೆಸಾ ಮೊಲೀನಾ ಅಂತ ಕೇಳು," ಎಂದಳು ಎವುಲಾಲಿಯಾ ನೆಲ ನೋಡುತ್ತ. ಪರೀಕ್ಷೆಗೆ ಮೆಕ್ಸಿಕೋದ ಪಾಸ್‌ಪೋರ್ಟ್ ಕೇಳಿದ್ದರು, ಹಾಗಾಗಿ ಅದು ಸ್ವಂತ ಹೆಸರಲ್ಲೇ ಆಯಿತು. ಹಾಜರಿ ಪಟ್ಟಿಯಲ್ಲಿ ಮಾತ್ರ ಐದು ವರ್ಷವೂ ಅವಳು ಸಹಿ ಮಾಡಿದ್ದು ತೋಟದ ಹೆಸರೇ.

"ಅಮಾ, ನಾನು ಸುಳ್ಳು ಹೇಳಿದ್ರೆ ನಂಗೆ ಚಪ್ಪಲಿ ತೋರಿಸ್ತಿದ್ದೆ," ಎಂದಳು ನಯೇಲಿ.

"ಸುಮ್ನಿರು ಮಿಹಾ, ಸುಮ್ನಿರು ಮಗಳೇ."

"ಪ್ರಮಾಣ ಮಾಡಿ ಸಹಿ ಹಾಕೋ ಅರ್ಜಿ ಇದು," ಎಂದ ಅಬ್ನೆರ್. "ಆ ಗಂಟೆಗಳು ನಿಮ್ಮವೇ ಅಂತ ಶಾಲೆಯೋರು ಒಪ್ಪಬೇಕು. ಸೋಮವಾರ ಕೊನೇ ದಿನ."

ಹೊರಗೆ ಪಿಕಪ್ ಗಾಡಿಯಲ್ಲಿ ಕೊಮಾದ್ರೆ ಫಿದೆನ್ಸಿಯಾ ಕಾಯುತ್ತಿದ್ದಳು. ತೋಟದ ಜೊತೆಗಾತಿ, ಆಮೇಲೆ ನಯೇಲಿಗೆ ಮದ್ರೀನಾ, ಅಂದರೆ ಧರ್ಮತಾಯಿಯಾಗಿ ಎವುಲಾಲಿಯಾಗೆ ಕೊಮಾದ್ರೆಯಾದವಳು. ಮೊದಲ ದಿನ ಶಾಲೆಗೆ ಕರೆದೊಯ್ದು "ಇವಳು ತೆರೆಸಾ" ಎಂದು ಬರೆಸಿದವಳೂ ಅವಳೇ. ಅಲ್ಲವೆನ್ನಲು ಎವುಲಾಲಿಯಾಗೆ ಅಂದು ಧೈರ್ಯ ಬಂದಿರಲಿಲ್ಲ.

"ನನ್ನನ್ಯಾಕೆ ಹಂಗೆ ನುಂಗೋ ಥರ ನೋಡ್ತೀಯಾ?" ಎಂದಳು ವಿಷಯ ಕೇಳಿದ ಫಿದೆನ್ಸಿಯಾ. "ಆಗ ನಂಗೂ ನೀನು ತೆರೆಸಾನೇ ಆಗಿದ್ದೆ."

ಥಟ್ಟನೆ ಎವುಲಾಲಿಯಾಗೆ ಸಂಜೆ ಶಾಲೆಯ ಶುಕ್ರವಾರಗಳು ನೆನಪಾದವು. "ಗಾಡಿ ತಿರುಗಿಸು ಕೊಮಾದ್ರೆ. ಮಾಯೆಸ್ತ್ರಾ ಮನೆಗೆ."

ಮಾಯೆಸ್ತ್ರಾ ಎಂದು ಎಲ್ಲರೂ ಕರೆಯುವ ಆ ಮುದುಕಿ ಟೀಚರು ಪ್ರತಿ ಶುಕ್ರವಾರ ಎಲ್ಲರಿಂದಲೂ ಅವರವರ ಬಗ್ಗೆ ಒಂದು ಪುಟ ಬರೆಸಿ, ತಾರೀಖಿನ ಮೊಹರು ಒತ್ತಿ ಎತ್ತಿಡುತ್ತಿದ್ದಳು. ಮನೆಯಲ್ಲಿ ವಿಷಯ ಕೇಳಿದವಳೇ ಒಳಗಿನಿಂದ ಡಬ್ಬವೊಂದನ್ನು ತಂದು ತೆರೆದಳು. ಮೊಟ್ಟಮೊದಲ ಪುಟದಲ್ಲಿ ಸೊಟ್ಟ ಅಕ್ಷರ: ದ್ರಾಕ್ಷಿಯಲ್ಲಿ ನಾನು ತೆರೆಸಾ, ಮನೆಯಲ್ಲಿ ನಾನು ಎವುಲಾಲಿಯಾ. ಅಲ್ಲಿಂದಾಚೆಗೆ ಐದು ವರ್ಷದ ಪುಟಗಳು, ಎಲ್ಲದರ ಕೆಳಗೂ ಅದೇ ಎವುಲಾಲಿಯಾ.

"ನಿಜ ಬರೀರಿ ಅಂದಿದ್ದೆ, ನೀನು ಬರೆದೆ," ಎಂದಳು ಟೀಚರು. "ಆಫೀಸಲ್ಲೂ ಇವತ್ತು ಹೇಳ್ತೀಯಾ, ನಾಳೆ ಹೇಳ್ತೀಯಾ ಅಂತ ಕಾದೆ."

"ನೀವು ಕೇಳ್ಲೇ ಇಲ್ವಲ್ಲ ಮಾಯೆಸ್ತ್ರಾ."

"ಹೆದರಿದೋರನ್ನ ಹೆಸರು ಕೇಳಿದ್ರೆ ಮಾರನೇ ದಿನ ಶಾಲೆಗೆ ಬರಲ್ಲಮ್ಮ. ಮೂವತ್ತು ವರ್ಷ ನೋಡಿದೀನಿ."

ಸೋಮವಾರ ಬೆಳಿಗ್ಗೆ ಟೀಚರು ಡಬ್ಬ ಹೊತ್ತು ತಾನೇ ಶಾಲೆಯ ಆಫೀಸಿಗೆ ಬಂದಳು. ಮುಖ್ಯಸ್ಥರು ಪುಟದ ಅಕ್ಷರವನ್ನು ಹಾಜರಿ ಪಟ್ಟಿಯ ಅಕ್ಷರಕ್ಕೆ ಹೋಲಿಸಿದರು, ತಾರೀಖು ತಾಳೆ ನೋಡಿದರು, ಪಾಸ್‌ಪೋರ್ಟ್ ತಿರುವಿ ಹಾಕಿದರು. ನಯೇಲಿ ಉಗುರು ಕಚ್ಚಿ ಮುಗಿಸಿದ್ದಳು. ಕೊನೆಗೆ ಅವರು ಟೀಚರ ಸಹಿ ತೆಗೆದುಕೊಂಡು, ಹೆಸರು ತಿದ್ದಿ, ಗಂಟೆಗಳ ಪಟ್ಟಿಯನ್ನು ಅಚ್ಚು ಮಾಡಿ ಕೊಟ್ಟರು. ಇನ್ನೂ ಬೆಚ್ಚಗಿದ್ದ ಆ ಹಾಳೆ ಹಿಡಿದು ಎವುಲಾಲಿಯಾ ಕಾಲೇಜಿಗೆ ನಡೆಯಲಿಲ್ಲ, ಓಡಿದಳು.

ಅಬ್ನೆರ್ ಒಂದೊಂದೇ ಸಾಲು ಕೂಡಿ ನೋಡಿದ. "ಐದು ವರ್ಷದ ಸಂಜೆ ಗಂಟೆ ಕೂಡಿದ್ರೆ ಮೂರಲ್ಲ, ಮೂರೂವರೆ ವರ್ಷದ ಓದು ಆಗುತ್ತೆ. ನೀವು ಅರ್ಹರು, ದೋನ್ಯಾ ಎವುಲಾಲಿಯಾ." ಪೆನ್ನು ಕೊಟ್ಟ. ಅವಳು ತನ್ನ ಹೆಸರನ್ನು ಕೆಳಗಿನ ಹಾಳೆಯಲ್ಲೂ ಮೂಡುವಷ್ಟು ಒತ್ತಿ ಬರೆದಳು.

"ಕ್ಲಾಸಲ್ಲಿ ನನ್ನ ಪಕ್ಕ ಕೂರ್ಬೇಡ ಅಮಾ," ಎಂದಳು ನಯೇಲಿ ಕಣ್ಣೊರೆಸಿಕೊಳ್ಳುತ್ತ.

"ಮುಂದಿನ ಬೆಂಚಲ್ಲಿ ಕೂರ್ತೀನಿ. ನೀನು ಫೋನು ನೋಡ್ತಿದ್ರೆ ತಿರುಗಿ ನೋಡ್ತೀನಿ."

ಬಾಗಿಲ ಬಳಿ ಫಿದೆನ್ಸಿಯಾ ಕೂಗಿದಳು: "ಬಾರೇ ತೆರೆಸಾ, ತಮಾಲೆ ಕಡುಬು ಆರಿಹೋಗ್ತಿದೆ."

ಎವುಲಾಲಿಯಾ ತಿರುಗಲೇ ಇಲ್ಲ.

"ಮದ್ರೀನಾ," ಎಂದಳು ನಯೇಲಿ, "ತೆರೆಸಾ ನಾಳೆ ಬೆಳಿಗ್ಗೆ ಆರಕ್ಕೆ ತೋಟದಲ್ಲಿ ಸಿಗ್ತಾಳೆ. ಇಲ್ಲಿ ಆ ಹೆಸರಿನೋರು ಯಾರೂ ಇಲ್ಲ."