ಹೇಳಿ ಮಾಡಿಸಿದ ಚಪ್ಪಲಿ

ಜನರಿಗೆಲ್ಲ ತಲೆ ಕೆಟ್ಟು ಕೆರ ಹಿಡಿಯುತ್ತದೆ. ನನ್ನದು ಉಲ್ಟಾ, ಕೈಯಲ್ಲಿ ಕೆರ, ಅಂದರೆ ಚಪ್ಪಲಿ, ಹಿಡಿದಿದ್ದರಿಂದಲೇ ತಲೆ ಕೆಟ್ಟಿದ್ದು. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಚರ್ಮದ ಚಪ್ಪಲಿ ಅಂಗಡಿ ಇದೆ. ಅಂಗಡಿ ಅಂದಕೂಡಲೇ ಗಾಜಿನ ಕಪಾಟು, ಬಣ್ಣದ ಲೈಟು ಅಂದುಕೊಳ್ಳಬೇಡಿ. ಒಂದು ಶಟರು, ನಾನು ಕೂತು ಕೆಲಸ ಮಾಡಲು ಒಂದು ಚಾಪೆ, ಗಿರಾಕಿಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಬುದ್ಧನ ಪಟ. ಆರರಿಂದ ಹತ್ತು ನಂಬರಿನವರೆಗೆ ಚಪ್ಪಲಿ ನಾನೇ ಕೈಯಾರೆ ಮಾಡಿ ಮೊಳೆಗೆ ನೇತುಹಾಕಿರುತ್ತೇನೆ. ಬಂದವರು ನಂಬರ್ ಹೇಳುತ್ತಾರೆ, ಹಾಕಿ ನೋಡುತ್ತಾರೆ, ತೆಗೆದುಕೊಂಡು ಹೋಗುತ್ತಾರೆ.

ಈ ನಂಬರಿನ ಪದ್ಧತಿ ತಂದದ್ದು ಅಪ್ಪ. ಅವನು ಹುಡುಗನಾಗಿದ್ದಾಗ ಊರಿನ ದೊಡ್ಡ ಮನೆಗಳಿಗೆ ಹೋಗಿ ಅಳತೆ ತರಬೇಕಿತ್ತಂತೆ. ಯಜಮಾನರು ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಡುತ್ತಿದ್ದರು. ಅಪ್ಪ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಕೈ ತಾಕದ ಹಾಗೆ ದೂರದಿಂದಲೇ ದಾರ ಹಿಡಿದು ಅಂದಾಜು ಮಾಡಬೇಕು. ಮುಟ್ಟಲೂಬಾರದು, ಚಪ್ಪಲಿ ಹೊಂದಲೂಬೇಕು! ಇದು ಯಾವ ಸೀಮೆಯ ನ್ಯಾಯ? ಹೊಂದದೆ ಕಾಲು ಕಚ್ಚಿದರೆ ಅದೇ ಚಪ್ಪಲಿ ಅಪ್ಪನ ಮೇಲೆ ಬಂದು ಬೀಳುತ್ತಿತ್ತು.

ದೀಕ್ಷೆ ತೆಗೆದುಕೊಂಡು ಬೌದ್ಧನಾದ ವರ್ಷ ಅಪ್ಪ ಆ ದಾರವನ್ನು ಒಲೆಗೆ ಹಾಕಿದ. ಪೇಟೆಯ ಅಂಗಡಿಗಳಲ್ಲಿ ಚಪ್ಪಲಿಗೆ ನಂಬರ್ ಇರುವುದನ್ನು ನೋಡಿಕೊಂಡು ಬಂದು ಮರದ ಅಚ್ಚುಗಳನ್ನು ಮಾಡಿಸಿದ. "ನಂಬರಿಗೆ ಜಾತಿ ಇಲ್ಲ ಕಣಲೇ. ಎಂಟು ಅಂದ್ರೆ ಎಂಟು. ಇನ್ಮೇಲೆ ನಮ್ಮನೇರು ಯಾರ ಕಾಲ್ಬುಡಕ್ಕೂ ಕೂರೋ ಹಂಗಿಲ್ಲ," ಅನ್ನುತ್ತಿದ್ದ. ಈ ಮಾತು ಕೇಳಿಕೊಂಡೇ ನಾನು ಚರ್ಮ ಕೊಯ್ಯುವುದನ್ನು ಕಲಿತೆ.

ಆರ್ಡರ್ ತೆಗೆದುಕೊಳ್ಳುವ ಹುಚ್ಚು ಹತ್ತಿಸಿದ್ದು ನನ್ನ ಹೆಂಡತಿ. ಅವಳದೂ ತಪ್ಪಿಲ್ಲ ಬಿಡಿ. ನಂಬರಿನ ಪ್ಲಾಸ್ಟಿಕ್ ಚಪ್ಪಲಿ ಸಂತೆಯಲ್ಲಿ ರಾಶಿ ಬಿದ್ದಿರುವಾಗ ನನ್ನ ಹತ್ತಿರ ಯಾಕೆ ಬರುತ್ತಾರೆ? ಅವಳು ನಾಲ್ಕು ಜೊತೆಯ ಫೋಟೋ ತೆಗೆದು ಫೋನಿನಲ್ಲಿ ಸ್ಟೇಟಸ್ ಹಾಕಿ, "ಅವರವರ ಕಾಲಿಗೆ ತಕ್ಕಂಗೆ ಮಾಡಿಕೊಡ್ರಿ. ಕೈಯಾಗೆ ಕೆಲಸ ಐತೆ, ಕೂತು ನೊಣ ಹೊಡೀತೀರಲ್ಲ," ಅಂದಳು. ಅಪ್ಪ ಕೇಳಿಸಿಕೊಂಡು ಒಂದೇ ಮಾತು ಕೇಳಿದ: "ಕಾಲ್ಬುಡಕ್ಕೆ ಕೂರಲ್ಲ ತಾನೆ?" ನಾನು, "ಇಲ್ಲಪ್ಪ, ಅವರೇ ಹಾಳೆ ಮೇಲೆ ಕಾಲಿಟ್ಟು ಪೆನ್ಸಿಲ್‌ನಾಗೆ ಗೆರೆ ಎಳೆದು ಕಳಿಸ್ತಾರೆ," ಅಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ. ಭಾರೀ ಬುದ್ಧಿವಂತ ಅಂದುಕೊಂಡಿದ್ದೆ.

ಅಯ್ಯೋ, ಆ ಗೆರೆಗಳ ಕಥೆ ಕೇಳಬೇಡಿ. ಜಗಳೂರಿನ ಒಬ್ಬ ಮೇಷ್ಟ್ರು ಪೆನ್ಸಿಲ್ ಅಡ್ಡ ಹಿಡಿದು ಎಳೆದು ಬಾತುಕೋಳಿಯ ಪಾದ ಕಳಿಸಿದರು. ಹೊನ್ನಾಳಿಯ ಮದುವೆ ಗಂಡು ನೋಟ್‌ಬುಕ್ಕಿನ ಅರ್ಧ ಹಾಳೆಯಲ್ಲಿ ಗೆರೆ ಎಳೆದಿದ್ದ. ಹಿಮ್ಮಡಿಯೇ ಇಲ್ಲ. ಫೋನ್ ಮಾಡಿದರೆ, "ಹಿಮ್ಮಡಿ ಇನ್ನೊಂದು ಹಾಳೇಲೈತೆ ಅಣ್ಣ, ಅದು ಕಳದೈತೆ, ನೀನೇ ಅಂದಾಜು ಹಾಕ್ಕ," ಅಂದ. ನ್ಯಾಮತಿಯ ಒಬ್ಬ ಅತ್ತೆ, ಸೊಸೆಯನ್ನು ಮನೆ ತುಂಬಿಸಿಕೊಂಡ ದಿನ ಬಿಳಿ ಬಟ್ಟೆಯ ಮೇಲೆ ಮೂಡಿದ ಕುಂಕುಮದ ಹೆಜ್ಜೆಯ ಫೋಟೋ ಕಳಿಸಿದರು. ಚೆಂದ ಇತ್ತು ಹೆಜ್ಜೆ, ಇಲ್ಲ ಅನ್ನೋಲ್ಲ. ಆದರೆ ಫೋಟೋದಲ್ಲಿ ಕಾಲು ಎಷ್ಟುದ್ದ ಅಂತ ಹೆಂಗೆ ಗೊತ್ತಾಗಬೇಕು? ಪಕ್ಕದಲ್ಲಿ ಏನಾದರೂ ಅಳತೆಗೆ ಇಟ್ಟು ಇನ್ನೊಂದು ಫೋಟೋ ತೆಗೀರಮ್ಮ ಅಂದರೆ ತೆಂಗಿನಕಾಯಿ ಇಟ್ಟು ತೆಗೆದರು. ತೆಂಗಿನಕಾಯಿಗೆ ಯಾವ ನಂಬರ್ ಐತೆ, ಹೇಳಿ!

ಇವೆಲ್ಲ ಸಹಿಸಿಕೊಂಡು ಮಾಡಿಕೊಟ್ಟರೆ ಏನು ಸಿಗುತ್ತಿತ್ತು ಗೊತ್ತೇ? ಮೊಳೆಯ ಮೇಲಿನ ಎಂಟು ನಂಬರನ್ನು ಯಾರೋ ದಾರಿಹೋಕ ಹಾಕಿಕೊಂಡು, "ಆಹಾ, ಹೇಳಿ ಮಾಡಿಸಿದಂಗೈತೆ ನೋಡು!" ಅಂತ ಖುಷಿಯಾಗಿ ಹೋಗುತ್ತಾನೆ. ನಿಜವಾಗಿ ಹೇಳಿ ಮಾಡಿಸಿದವನು ಮಾತ್ರ ಚಪ್ಪಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ನಾನು ಹೇಳಿದ್ದು ಹಿಂಗಲ್ಲ. ಒಂಚೂರು ಪಟ್ಟಿ ಅಗಲ ಆಗ್ಬೇಕಿತ್ತು, ಹೆಬ್ಬೆರಳು ತೂರಿಸೋ ಉಂಗುಷ್ಟ ಒಂಚೂರು ಸಡಿಲ ಆಗ್ಬೇಕಿತ್ತು," ಅನ್ನುತ್ತಾನೆ. ಒಂಚೂರು, ಒಂಚೂರು! ಆ ಒಂಚೂರು ಸರಿಮಾಡಲು ಇಡೀ ಚಪ್ಪಲಿ ಬಿಚ್ಚಬೇಕು ಅನ್ನುವುದು ಅವರಿಗೆ ಎಲ್ಲಿ ಗೊತ್ತು? ನಮ್ಮ ಜನ 'ಹೇಳಿ ಮಾಡಿಸಿದಂಗೈತೆ' ಅನ್ನುವ ಹೊಗಳಿಕೆಯನ್ನು, ಹೇಳದೆ ಮಾಡಿದ ವಸ್ತುವಿಗೆ ಮಾತ್ರ ಕಾದಿಟ್ಟಿದ್ದಾರೆ.

ಇಷ್ಟಾದರೂ ಹೆಂಗೋ ನಡೆಯುತ್ತಿತ್ತು. ಕೆಟ್ಟದ್ದು ಒಬ್ಬ ಸಾಹುಕಾರ ಬಂದ ದಿನ. ಅಡಿಕೆ ವ್ಯಾಪಾರದವನು, ಊರಲ್ಲಿ ಗತ್ತಿನ ಮನುಷ್ಯ. ಕಾರು ಓಣಿಯ ತುದಿಗೆ ನಿಲ್ಲಿಸಿ, ನಡೆದು ಬಂದು, ನನ್ನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಕಾಲಿನ ಮೇಲೆ ಕಾಲು ಹಾಕಿದ. ನಾನು ಚಾಪೆಯ ಮೇಲೆ ಕೂತಿದ್ದೆ. ಅವನ ಪಾದ ಸರಿಯಾಗಿ ನನ್ನ ಮುಖದ ಎದುರಿಗೆ ಬಂತು.

"ಮಗಳ ಮದುವೆ ಐತೆ ಕಣಯ್ಯ. ನಂಗೊಂದು ಜೊತೆ ಗಟ್ಟಿಯಾಗಿ ಮಾಡು. ಅಳತೆ ತಗಾ," ಅಂದ.

ನಾನು ಹಾಳೆ, ಪೆನ್ಸಿಲು ಅವನ ಮುಂದಿಟ್ಟು, "ಕಾಲಿಟ್ಟು ನೀವೇ ಸುತ್ತ ಗೆರೆ ಎಳೀರಿ ಸಾಹುಕಾರ್ರೆ," ಅಂದೆ.

ಅವನು ಒಂದು ಸಲ ಬಗ್ಗಿ ನೋಡಿದ. ಹೊಟ್ಟೆ ಬಿಡಲಿಲ್ಲ. ಉಸಿರು ಬಿಟ್ಟು ಎದ್ದು ಕೂತು, "ನನ್ಕೈಲಿ ಬಗ್ಗಾಕೆ ಆಗಲ್ಲ. ನೀನೇ ಎಳಿ. ಅದು ನಿಮ್ದೇ ಕೆಲಸ ಅಲ್ವೇನಯ್ಯಾ?" ಅಂದ.

ನಿಮ್ದೇ. ನೋಡಿ, ಅಲ್ಲಿಯವರೆಗೂ ಅವನು ನನಗೆ ನೀನು ಅನ್ನುತ್ತಿದ್ದ. ಹಾಗಾದರೆ ಈ 'ನಿಮ್ದೇ' ನನಗೆ ಕೊಟ್ಟ ಮರ್ಯಾದೆ ಅಲ್ಲ. ನನ್ನನ್ನು, ನನ್ನಪ್ಪನನ್ನು, ನಮ್ಮಜ್ಜನನ್ನು, ನಮ್ಮ ಇಡೀ ಕೇರಿಯನ್ನು ಒಂದೇ ಮಾತಲ್ಲಿ ತಂದು ಅವನ ಕಾಲ ಬುಡದಲ್ಲಿ ಕೂರಿಸಿದ್ದ. ಮೈಯೆಲ್ಲ ಉರಿದುಹೋಯಿತು. "ನಂಬರ್ ಎಂಟು ಮೊಳೆ ಮ್ಯಾಲೈತೆ, ಬೇಕಾದ್ರೆ ತಗಳ್ರಿ. ಅಳತೆ ಗಿಳತೆ ನಾನು ತಗಳಲ್ಲ," ಅಂದೆ. ಅವನು, "ಏನ್ ಧಿಮಾಕು ನೋಡು," ಅಂತ ಎದ್ದು ಹೋದ. ನಾನು ಅದೇ ಸಿಟ್ಟಲ್ಲಿ ರಟ್ಟಿನ ಮೇಲೆ ದಪ್ಪಗೆ ಬರೆದು ಶಟರಿಗೆ ಕಟ್ಟಿದೆ: "ಅಳತೆ ಕೊಟ್ಟು ಮಾಡಿಸುವವರು ಬರಬೇಡಿ. ನಂಬರ್ ಮಾತ್ರ."

ಹೆಂಡತಿ ಆ ಬೋರ್ಡು ನೋಡಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾತು. ಅವನೊಬ್ಬ ಮಾಡಿದ್ದಕ್ಕೆ ಎಲ್ರಿಗೂ ಬಾಗಿಲು ಹಾಕ್ತೀರಾ?" ಅಂದಳು. ಹಾಕುತ್ತೇನೆ, ನನ್ನ ಬಾಗಿಲು, ನನ್ನ ಇಷ್ಟ ಅಂದೆ. ಆದರೆ ನನಗೆ ಸಮಾಧಾನ ಇರಲಿಲ್ಲ. ಬಂದ ಆರ್ಡರ್‌ಗಳನ್ನೆಲ್ಲ ಬೇಡ ಅನ್ನುತ್ತಿದ್ದೆ, ಬೇಡ ಅಂದ ಮೇಲೆ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಕಾಲು ಬುಡಕ್ಕೆ ಕೂತರೆ ಅಪ್ಪನ ಮಾತು ಮುರಿಯುತ್ತದೆ. ಕೂರದಿದ್ದರೆ ನನ್ನ ಕಸುಬು ಮೊಳೆಯ ಮೇಲೆಯೇ ಧೂಳು ಹಿಡಿಯುತ್ತದೆ. ಯಾವುದಕ್ಕೆ ಬಗ್ಗುವುದು?

ಹೀಗೆ ಒಂದು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಸುಮಾರು ಐವತ್ತು ವಯಸ್ಸಿನ ಹೆಂಗಸು ಎರಡೂ ಕೈಯಲ್ಲಿ ಬಟ್ಟೆಯ ಗಂಟೊಂದನ್ನು ಮಗುವಿನ ಹಾಗೆ ಹಿಡಿದುಕೊಂಡು ಅಂಗಡಿಗೆ ಬಂದಳು. ಹೊನ್ನಾಳಿ ಕಡೆಯ ಹಳ್ಳಿಯವಳು, ಕೂಲಿಗೆ ಹೋಗುವವಳು. ಬರಿಗಾಲು. ಎಡಗಾಲು ಒಳಕ್ಕೆ ತಿರುಗಿತ್ತು. ಚಿಕ್ಕವಳಿದ್ದಾಗ ಜ್ವರ ಬಂದು ಹಾಗಾಯಿತಂತೆ. ಪಾದದ ಹೊರ ಅಂಚಿನ ಮೇಲೆ ಊರಿ ನಡೆಯುತ್ತಿದ್ದಳು.

"ಹೋದ ವಾರ ಬಂದಿದ್ದೆ ಅಣ್ಣ. ಅಳತೆ ತಗಳಲ್ಲ ಅಂತ ಬೋರ್ಡಿನಾಗೆ ಬರ್ದೈತೆ ಅಂತ ಪಕ್ಕದಂಗಡಿಯೋರು ಓದಿ ಹೇಳಿದ್ರು. ಅದ್ಕೆ ನಾನೇ ತಂದೀನಿ. ನೀವು ಕಾಲು ಹಿಡಿಯಂಗಿಲ್ಲ," ಅಂದು ಗಂಟು ಬಿಚ್ಚಿದಳು.

ಒಳಗೆ ಮಣ್ಣಿನ ಹಲಗೆ. ಹೊಲದ ಮಣ್ಣನ್ನು ರೊಟ್ಟಿ ಹಿಟ್ಟಿನ ಹಾಗೆ ನಾದಿ, ಪರಾತದಲ್ಲಿ ತಟ್ಟಿ, ಅದರ ಮೇಲೆ ಎಡಗಾಲು ಊರಿ ನಿಂತು, ನೆರಳಲ್ಲಿ ಒಣಗಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ನಂಬರಿನ ಚಪ್ಪಲಿ ಯಾವುದೂ ಆ ಕಾಲಲ್ಲಿ ನಿಲ್ಲುವುದಿಲ್ಲ, ಕಳೆ ಕೀಳಲು ಬರಿಗಾಲಲ್ಲೇ ಹೋಗಿ ಜಾಲಿ ಮುಳ್ಳು ತುಳಿದು ಕಾಲು ಬಾತು, ಎಂಟು ದಿನ ಮನೆಯಲ್ಲಿ ಕೂತಿದ್ದಳು. ಇನ್ನೊಂದು ಸಲ ಹಾಗಾದರೆ ಗುಂಪಿನವರು ಕೂಲಿಗೆ ಕರೆಯುವುದನ್ನೇ ಬಿಡುತ್ತಾರೆ ಅಂದಳು.

ನಾನು ಬೇಡ ಅನ್ನಲು ಬಾಯಿ ತೆರೆದವನು ಆ ಹಲಗೆಯ ಮೇಲೆ ಬಗ್ಗಿ ಬೆರಳಾಡಿಸಿದೆ. ಹೊರ ಅಂಚಿನಲ್ಲಿ ಮಣ್ಣು ಹೆಬ್ಬೆರಳಷ್ಟು ಆಳಕ್ಕೆ ಇಳಿದಿತ್ತು, ಹೆಬ್ಬೆಟ್ಟಿನ ಕಡೆ ಬರೀ ನೆರಳಿನಷ್ಟು ಗುರುತು. ಪೆನ್ಸಿಲ್ ಗೆರೆಯಲ್ಲಿ ಇದು ಎಲ್ಲಿ ಕಾಣುತ್ತದೆ? ಕಾಲು ಎಲ್ಲಿ ಭಾರ ಹಾಕುತ್ತದೆ ಅನ್ನುವುದು ನನ್ನ ಕಣ್ಣಿಗೆ ಬಿದ್ದದ್ದು ಅದೇ ಮೊದಲು. "ಇಟ್ಟು ಹೋಗಮ್ಮ," ಅಂದೆ.

ಬಲಗಾಲಿಗೆ ಮೊಳೆಯ ಮೇಲಿನ ನಂಬರೇ ಸಾಕಿತ್ತು, ಎಡಗಾಲಿನದರ ಕೆಲಸಕ್ಕೇ ಐದು ದಿನ ಕೂತೆ. ಅಟ್ಟೆಯ ಹೊರ ಅಂಚಿಗೆ ಚರ್ಮದ ಮೇಲೆ ಚರ್ಮ ಅಂಟಿಸಿ, ಹೊಲಿದು, ಎತ್ತರ ಮಾಡಿದೆ. ಪಾದ ಜಾರದ ಹಾಗೆ ಹಿಂದಕ್ಕೊಂದು ಪಟ್ಟಿ ಕೊಟ್ಟೆ. ಇಂಥ ಚಪ್ಪಲಿ ನಾನು ಜನ್ಮದಲ್ಲಿ ಮಾಡಿರಲಿಲ್ಲ. ಅವಳು ಬಂದಳು, ಗೋಡೆ ಹಿಡಿದು ನಿಂತು ಕಾಲು ತೂರಿಸಿದಳು. ಹಿಮ್ಮಡಿ ಒಂದು ಬೆರಳಗಲ ಹೊರಗೆ!

"ಕಾಲು ಬಾತೈತೇನಮ್ಮ?" ಅಂತ ನಾನು ಅವಳ ಮೇಲೇ ರೇಗಿದೆ.

ಅವಳು ಚಪ್ಪಲಿ ನೋಡಿದಳು, ಹಲಗೆ ನೋಡಿದಳು, ಹಣೆ ಹಣೆ ಚಚ್ಚಿಕೊಂಡು ನಗಲು ಶುರುಮಾಡಿದಳು. "ಅಯ್ಯೋ ನಮ್ಮಪ್ಪನೇ! ಎರೆ ಮಣ್ಣು ಕಣಣ್ಣ ಅದು. ಒಣಗಿದ್ರೆ ಕುಗ್ಗಲ್ವಾ? ಬ್ಯಾಸಿಗೇಲಿ ಹೊಲ ಬಾಯಿ ಬಿಡೋದು ನೋಡಿಲ್ವಾ ನೀವು? ನಂಗೂ ಹೊಳೀಲಿಲ್ಲ ನೋಡ್ರಿ!"

ಅವಳಿಗೆ ನಗು, ನನಗೆ ಅಳು ಬರುವುದೊಂದು ಬಾಕಿ. ಹೊನ್ನಾಳಿಯಿಂದ ಜಗಳೂರಿನವರೆಗೆ ಎರೆ ಹೊಲ ಬಿರಿಯುವುದು ಕೂಸಿಗೂ ಗೊತ್ತು. ಅಚ್ಚು, ಅಳತೆ ಅಂತ ಬಾಯಿ ಬಡಿದುಕೊಳ್ಳುವ ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು? ಐದು ದಿನದ ಕೆಲಸ ಮಣ್ಣುಪಾಲು, ಅದೂ ಅಕ್ಷರಶಃ.

"ಇನ್ನೊಂದು ಹಲಗೆ ಮಾಡ್ಕಂಬರ್ಲಾ?" ಅಂದಳು. ಮಾಡಿಕೊಂಡು ಬಂದರೆ ಅದೂ ಒಣಗುತ್ತದೆ, ಅದೂ ಕುಗ್ಗುತ್ತದೆ. ಭಾರ ಎಲ್ಲಿ ಬೀಳುತ್ತದೆ ಅನ್ನುವುದು ಹಲಗೆಯಿಂದ ಸಿಕ್ಕಿತ್ತು. ಇನ್ನು ಬೇಕಾದದ್ದು ಉದ್ದ, ಅಗಲ. ಅದು ಎದುರಿಗೇ ಇದೆ, ಮುಳ್ಳಿನ ಗಾಯ ಮಾಯದ ಕಾಲು. ನಾನು ಅಪ್ಪನನ್ನು ನೆನೆದು, ಸಿಟ್ಟಲ್ಲೇ ಹಾಳೆ ತೆಗೆದು, ಕುರ್ಚಿ ತೋರಿಸಿ, "ಕೂತ್ಕಳ್ರಿ," ಅಂದೆ.

ಅವಳು ಕುರ್ಚಿ ನೋಡಿದಳು, ಚಾಪೆಯ ಮೇಲಿದ್ದ ನನ್ನನ್ನು ನೋಡಿದಳು. "ನೀವು ಕೆಳಗೆ ಕೂತೀರಿ, ನಾನು ಮ್ಯಾಲೆ ಕೂತು ನಿಮ್ಮ ಮುಖಕ್ಕೆ ಕಾಲು ಚಾಚಲಾ? ಥೂ, ಬಿಡ್ತು ಅನ್ರಿ," ಅಂದು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ನನ್ನ ಎದುರಿಗೆ ಚಾಪೆಯ ಮೇಲೆ ಕೂತು ಕಾಲು ನೀಡಿದಳು. ಇಬ್ಬರ ಮುಖವೂ ಒಂದೇ ಎತ್ತರದಲ್ಲಿತ್ತು. ಹಿಮ್ಮಡಿಗೆ ಕೈ ಕೊಟ್ಟು ಅಳತೆ ತೆಗೆದುಕೊಂಡೆ. "ಬ್ಯಾಗ ತಗಳ್ರಿ, ಕಚಗುಳಿ ಆಗ್ತೈತೆ," ಅಂದಳು.

ಮತ್ತೆ ಅಟ್ಟೆ ಕೊಯ್ದು, ಮತ್ತೆ ಹೊಲಿದೆ. ಈ ಸಲ ಅವಳು ಹಾಕಿಕೊಂಡು ಓಣಿಯ ಆ ತುದಿಗೆ ಹೋಗಿ ವಾಪಸ್ ಬಂದಳು. ನಾನು ಕಿವಿ ನಿಮಿರಿಸಿ ಕಾದೆ. ಈಗಲಾದರೂ ಒಬ್ಬರು ಆ ಮಾತು ಅನ್ನಬೇಕಪ್ಪಾ, ನಿಜವಾಗಿ ಹೇಳಿ ಮಾಡಿಸಿದ್ದಕ್ಕೆ.

"ಹೂಂ. ನಡೀತೈತೆ," ಅಂದಳು.

"ಅಷ್ಟೇನಾ?"

"ಚಪ್ಪಲಿ ನಡೀಬೇಕು. ಮತ್ತೇನು, ಪದ ಹೇಳ್ಬೇಕಾ?" ಅಂದು ಬಸ್ಸಿಗೆ ಹೋದಳು. ಹೋಗುವಾಗ ನೆಲ ನೋಡಲಿಲ್ಲ. ಬರುವಾಗ ಪ್ರತಿ ಹೆಜ್ಜೆಗೂ ನೋಡಿಕೊಂಡು ಬಂದಿದ್ದಳು.

ಸಂಜೆ ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಮುಚ್ಚಿಡುವುದು ನನ್ನಿಂದ ಆಗಲಿಲ್ಲ. ಅಳತೆ ತೆಗೆದುಕೊಂಡೆ, ಕಾಲು ಹಿಡಿದೆ ಅಂದೆ. ಅಪ್ಪ ಕೇಳಿದ, "ಆಯಮ್ಮ ಎಲ್ಲಿ ಕೂತಿದ್ಲು?"

"ಚಾಪೆ ಮ್ಯಾಲೆ. ನನ್ನ ಎದುರಿಗೆ."

"ಕುರ್ಚಿ ಇರ್ಲಿಲ್ವಾ?"

"ಇತ್ತಪ್ಪ. ಬ್ಯಾಡ ಅಂದ್ಲು."

"ಹಂಗಾದ್ರೆ ಆರ್ಡರ್ ತಗಾ," ಅಂದ ಅಪ್ಪ.

ಮಾರನೇ ದಿನ ರಟ್ಟು ಕಿತ್ತೆ. ಗೆರೆಗಳ ಕಾಟ ಮತ್ತೆ ಶುರುವಾಗಿದೆ, ಒಂಚೂರುಗಳೂ ಶುರುವಾಗಿವೆ, ನನ್ನ ತಲೆ ಕೆಟ್ಟಿದ್ದು ಕೆಟ್ಟೇ ಇದೆ. ಗೆರೆ ಎಳೆಯಲು ಬಾರದವರು ಅಂಗಡಿಗೇ ಬರುತ್ತಾರೆ, ಚಾಪೆಯ ಮೇಲೆ ಕೂತು ಅಳತೆ ಕೊಡುತ್ತಾರೆ. ಮೊನ್ನೆ ಆ ಸಾಹುಕಾರನೂ ಬಂದ. ಮಗಳ ಮದುವೆಗೆ ಕೊಂಡ ಪೇಟೆಯ ಚಪ್ಪಲಿ ಅವನ ಕಾಲು ಕಚ್ಚಿ ಬೊಬ್ಬೆ ಎಬ್ಬಿಸಿತ್ತು. ಬಾಗಿಲಲ್ಲೇ ನಿಂತು ಅಂಗಡಿಯೊಳಗೆಲ್ಲ ಕಣ್ಣಾಡಿಸಿದ.

"ಕುರ್ಚಿ ಎಲ್ಲಯ್ಯಾ?"

"ಮನೇಗ್ ಹೋತು ಸಾಹುಕಾರ್ರೆ," ಅಂದೆ. "ಅದ್ರ ಮ್ಯಾಲೆ ಈಗ ನಮ್ಮಪ್ಪ ಕೂತ್ಕಂತಾರೆ."