ಅಪ್ಪ ತಿದ್ದಿದ ಮುಳ್ಳು

ಅಪ್ಪನದು ತಕ್ಕಡಿ ರಿಪೇರಿ ಕೆಲಸ. ಊರಿನ ಅಂಗಡಿಗಳ ಸ್ಪ್ರಿಂಗ್ ತಕ್ಕಡಿಗಳೆಲ್ಲ ವರ್ಷಕ್ಕೊಮ್ಮೆ ಅವನ ಮೇಜಿಗೆ ಬಂದು ಬುದ್ಧಿ ಕಲಿತು ಹೋಗುತ್ತಿದ್ದವು. ಒಂದು ಕಿಲೋ ತೂಕದ ಬಟ್ಟು ಇಟ್ಟು, ಮುಳ್ಳು ಎಲ್ಲೇ ನಿಂತರೂ ಒಂದಕ್ಕೆ ತರುವುದು ಅವನ ವಿದ್ಯೆ.

ಐವತ್ತೆಂಟಕ್ಕೆ ಅವನಿಗೆ ಬಿಪಿ ಬಂತು. "ನೂರಾ ಎಪ್ಪತ್ತಿದೆ. ನಾಡೀನೂ ತೊಂಬತ್ತಾರು. ಸಿಗರೇಟು ಬೇರೆ. ಎಲ್ಲಾ ಸೇರಿದ್ರೆ ಹೃದಯಕ್ಕೂ ಅಪಾಯ, ಮೆದುಳಿಗೂ ಅಪಾಯ. ಮಾತ್ರೆ ಬಿಡ್ಬೇಡಿ," ಎಂದರು ಡಾಕ್ಟರು. ಅಪ್ಪ ಮುಳ್ಳಿನ ಬಿಪಿ ಮೆಷಿನ್ನೊಂದು ತಂದ. ನಾನು ನರ್ಸಿನ ಹತ್ತಿರ ಕಲಿತು, ದಿನಾ ಬೆಳಿಗ್ಗೆ ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ನೋಡುತ್ತಿದ್ದೆ.

ತಿಂಗಳು ಮಾತ್ರೆ ನುಂಗಿದರೂ ಮುಳ್ಳು ನೂರಾ ಅರವತ್ತರಿಂದ ಇಳಿಯಲಿಲ್ಲ. ಅಪ್ಪನಿಗೆ ಮೆಷಿನ್ನಿನ ಮೇಲೆಯೇ ಅನುಮಾನ. "ನಿಮ್ಮಮ್ಮಂಗೆ ಕಟ್ಟು ನೋಡೋಣ," ಎಂದ. ಅಮ್ಮ ಒಂದು ದಿನವೂ ತಲೆನೋವೆಂದು ಮಲಗಿದವಳಲ್ಲ. ಆಸ್ಪತ್ರೆ ಮೆಟ್ಟಿಲು ಹತ್ತಿದ್ದು ನನ್ನನ್ನು ಹೆರಲು ಮಾತ್ರ. ಅವಳಿಗೂ ನೂರಾ ಐವತ್ತೈದು!

"ನೋಡಿದ್ಯಾ? ಗುಂಡುಕಲ್ಲಿನ ಹಾಗಿರೋಳಿಗೇ ಇಷ್ಟು ತೋರಿಸ್ತಿದೆ. ನಿಮ್ಮಮ್ಮನೇ ನಂಗೆ ಬಟ್ಟು."

"ಅಂತೂ ಇಷ್ಟು ವರ್ಷಕ್ಕೆ ನಂಗೂ ಒಂದು ತೂಕ ಬಂತಲ್ಲ," ಎಂದು ಅಮ್ಮ ನಕ್ಕಳು.

ಅಪ್ಪ ಗಾಜು ಬಿಚ್ಚಿದ. ಮುಳ್ಳನ್ನು ತಿರುಗಿಸುವ ಒಳಗಿನ ಸಣ್ಣ ಸನ್ನೆಕೋಲನ್ನು ಕೂದಲೆಳೆಯಷ್ಟು ಸರಿಸಿ, ಅಮ್ಮನಿಗೆ ಸರಿಯಾಗಿ ನೂರಾ ಇಪ್ಪತ್ತು ತೋರಿಸುವಂತೆ ಮಾಡಿದ. ಗಾಳಿ ಬಿಟ್ಟರೆ ಮುಳ್ಳು ಸೊನ್ನೆಗೇ ಬರುತ್ತಿತ್ತು, ಅಷ್ಟು ನಾಜೂಕು ಕೆಲಸ. ಸುಳ್ಳೇಕೆ, ನನಗೆ ಹೆಮ್ಮೆಯೇ ಆಯಿತು.

ಆಮೇಲೆ ಅಪ್ಪನ ಬಿಪಿ ನೂರಾ ಇಪ್ಪತ್ತೈದು ದಾಟಲಿಲ್ಲ. ಮಾತ್ರೆ ಅರ್ಧವಾಯಿತು, ಕೊನೆಗೆ ಮೂಲೆ ಸೇರಿತು. ನಾಡಿ ಮಾತ್ರ ತೊಂಬತ್ತಾರೇ ಇತ್ತು. ಎಣಿಸಿ ಹೇಳಿದರೆ, "ಅದು ಸಿಗರೇಟಿಂದು ಬಿಡು," ಎನ್ನುತ್ತಿದ್ದ. ಅವನಿಗೇ ಏನಾದರೂ ಆದೀತೆಂದು ನನಗೆ ಒಳಗೊಳಗೇ ಭಯ.

ಬಿದ್ದವಳು ಅಮ್ಮ. ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ, ಬಟ್ಟೆ ಹರವುತ್ತಿದ್ದವಳು ಕುಸಿದಳು. ಮೆದುಳಿನಲ್ಲಿ ರಕ್ತ ಸೋರಿದೆ ಎಂದರು. ಆಸ್ಪತ್ರೆಯ ಮೆಷಿನ್ನಿನಲ್ಲಿ ಇನ್ನೂರಾ ಹತ್ತು.

"ಎಷ್ಟು ವರ್ಷದಿಂದ ಬಿಪಿ ಇವ್ರಿಗೆ? ಯಾವ ಮಾತ್ರೆ ತಗೋತಿದ್ರು?" ನರ್ಸು ಕೇಳಿದಳು.

"ಅವಳಿಗೇನೂ ಇಲ್ಲಮ್ಮ. ಮೆಷಿನ್ನು ತಪ್ಪು ತೋರಿಸ್ತಿತ್ತು, ನಾನೇ ಸರಿ ಮಾಡಿದ್ದೀನಿ," ಎಂದ ಅಪ್ಪ. ಆಡಿದ ಮಾತು ಆಗ ಅವನ ಕಿವಿಗೂ ಬಿತ್ತೇನೋ. ತಿರುಗಿ ಆಸ್ಪತ್ರೆಯ ಮೆಷಿನ್ನನ್ನೇ ನೋಡಿದ.

ಮಾಡುವುದು ಏನೂ ಉಳಿದಿರಲಿಲ್ಲ. ಮೂರನೇ ದಿನ ಅಮ್ಮ ಹೋದಳು. ಅಪ್ಪನನ್ನು ಬೈದು ಹಗುರಾಗೋಣವೆಂದರೆ ನನಗೆ ಬಾಯಿಲ್ಲ. ಅವಳ ತೋಳಿಗೆ ಪಟ್ಟಿ ಕಟ್ಟಿ, ಆ ನೂರಾ ಐವತ್ತೈದನ್ನು ಕಿವಿಯಾರೆ ಕೇಳಿದವಳು ನಾನು.