ಗೋಡೆಯೊಳಗೆ ಸೇರಿಸಿದ ಪೈಪು

ಪೈಪನ್ನು ಗೋಡೆಯೊಳಗೆ ಮುಚ್ಚುವ ಹುಚ್ಚು ನನ್ನದೇ. ಯಾರೂ ಕೇಳಿರಲಿಲ್ಲ. ಅಮೆರಿಕದ ಡಿಯರ್‌ಬಾರ್ನ್‌ನಲ್ಲಿ ನಾವು ಕೊಂಡದ್ದು ಹಲಗೆಗೋಡೆಯ ಹಳೇ ಮನೆ. ನೆಲಮಾಳಿಗೆಯ ಬಾಯ್ಲರಿನ ಬಿಸಿನೀರನ್ನು ಕರೆಂಟಿನ ಪಂಪೊಂದು ಪೈಪುಗಳಲ್ಲಿ ಏರಿಸಿ, ಕೋಣೆಕೋಣೆಯ ರೇಡಿಯೇಟರಿಗೆ ಕಳಿಸಿ ಮನೆಯನ್ನು ಬೆಚ್ಚಗಿಡುತ್ತಿತ್ತು. ಅಡುಗೆಮನೆ ಪಕ್ಕದ ಕೋಣೆಯಲ್ಲಿ ಅಂಥದೊಂದು ಪೈಪು ಹೊರಗೋಡೆಗೆ ಆತುಕೊಂಡು ನೆಲದಿಂದ ಸೂರಿನವರೆಗೆ ನಿಂತಿತ್ತು. ಹೆಂಡತಿಯ ಬಾಣಂತನಕ್ಕೆಂದು ಒಂದು ತಿಂಗಳು ಮುಂಚೆಯೇ ಮೈಸೂರಿನಿಂದ ಬಂದಿದ್ದ ಅತ್ತೆ ದೋಸೆಹಿಟ್ಟಿನ ಪಾತ್ರೆಯನ್ನು ಅದರ ಪಕ್ಕ ಇಡುತ್ತಿದ್ದರು. ಆ ಚಳಿಯಲ್ಲೂ ಹಿಟ್ಟು ಪೊಗದಸ್ತಾಗಿ ಉಬ್ಬುತ್ತಿತ್ತು.

ತೊಟ್ಟಿಲು ಇಡಲು ಅದೇ ಒಳ್ಳೆಯ ಜಾಗ, ಆದರೆ ಪೈಪು ಮುಟ್ಟಿದರೆ ಕೈ ಸುಡುತ್ತದೆ. ನಾನೋ ಕಾರಿನ ರೇಡಿಯೇಟರ್ ಡಿಸೈನ್ ಮಾಡುವ ಇಂಜಿನಿಯರ್. ಇದೇನು ಮಹಾ ಅಂದುಕೊಂಡೆ. ಎರಡು ಶನಿವಾರ ಕೂತು ಗೋಡೆ ಒಡೆದು, ಪೈಪನ್ನು ಒಳಕ್ಕೆ ಸರಿಸಿ, ಅದರ ಮುಂದೆ ಶಾಖ ತಡೆಯುವ ಗುಲಾಬಿ ಬಣ್ಣದ ಇನ್ಸುಲೇಷನ್ ತುರುಕಿ, ಬೋರ್ಡು ಹೊಡೆದು ಬಣ್ಣ ಬಳಿದೆ. ಪೈಪಿದ್ದ ಗುರುತೇ ಉಳಿಯಲಿಲ್ಲ. ಊಟಕ್ಕೆ ಬಂದವರನ್ನೆಲ್ಲ ಆ ಕೋಣೆಗೆ ಕರೆದೊಯ್ದು ಬರೀ ಗೋಡೆ ತೋರಿಸಿ ಬೀಗುತ್ತಿದ್ದೆ. ಮಗಳು ಹುಟ್ಟಿದಳು. ತೊಟ್ಟಿಲು ಆ ಗೋಡೆಗೇ ಆತು ಕೂತಿತು.

ಜನವರಿಯಲ್ಲಿ ಅತ್ತೆ, ಗೋಡೆ ಮುಚ್ಚಿದ ಮೇಲೆ ಹಿಟ್ಟು ಹುಳಿಯುತ್ತಲೇ ಇಲ್ಲ ಎಂದು ಗೊಣಗಿದರು. ಇಲ್ಲಿನ ಉದ್ದಿನಬೇಳೆಯೇ ಹಾಗೆ ಅಂದೆ. ಮಾರನೆಯ ಬೆಳಿಗ್ಗೆ ಕಾರು ನಿಲ್ಲಿಸುವ ಡ್ರೈವ್‌ವೇಯಲ್ಲಿ ಹಿಮ ಬಾಚುತ್ತ ಮನೆಯತ್ತ ನೋಡಿದೆ. ಗಾಳಿಗೆ ಹೊರಗೋಡೆಯ ತುಂಬ ಹಿಮ ಅಂಟಿತ್ತು. ಒಂದು ಕಡೆ ಮಾತ್ರ, ಕೆಳಗಿನಿಂದ ಮೇಲಿನವರೆಗೆ ಗೇಣಗಲದ ಪಟ್ಟಿಯಲ್ಲಿ, ಒಂದು ಚೂರೂ ಇಲ್ಲ. ಸರಿಯಾಗಿ ಪೈಪಿದ್ದ ಜಾಗ. ಪೈಪಿನ ಶಾಖವೆಲ್ಲ ಹೊರಗೆ ಹೋಗುತ್ತಿತ್ತು. ಇನ್ಸುಲೇಷನ್ನನ್ನು ಪೈಪಿನ ಹಿಂದೆ ಹಾಕಬೇಕಿತ್ತು, ನಾನು ಮುಂದೆ ಹಾಕಿದ್ದೆ. ನೀರು ಓಡುತ್ತಿರುವವರೆಗೆ ಸರಿ. ನಿಂತರೆ ಹೆಪ್ಪುಗಟ್ಟಿ ಪೈಪು ಸೀಳುತ್ತದೆ, ಆಮೇಲೆ ಪಂಪು ಶುರುವಾದ ಕೂಡಲೇ ಕುದಿಯುವಂಥ ನೀರು ಗೋಡೆ ಒಡೆದುಕೊಂಡು ತೊಟ್ಟಿಲಿಗೆ ನುಗ್ಗುತ್ತದೆ.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಅಷ್ಟು ಜನರ ಮುಂದೆ ಜಂಭ ಕೊಚ್ಚಿಕೊಂಡವನು ಯಾವ ಮುಖ ಇಟ್ಟುಕೊಂಡು ಹೇಳಲಿ? ತೊಟ್ಟಿಲು ಸರಿಸೋಣವೆಂದರೆ ಯಾಕೆ ಅಂತ ಕೇಳುತ್ತಾರೆ. ಪಂಪು ನಿಲ್ಲದಿರಲೆಂದು ಮನೆಯ ಶಾಖ ನಿಯಂತ್ರಿಸುವ ಥರ್ಮೋಸ್ಟಾಟನ್ನು ಎಂಬತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಏರಿಸಿಟ್ಟೆ. ಬಾಣಂತಿಯನ್ನು ಎಷ್ಟು ಬೆಚ್ಚಗಿಡುತ್ತಾರೆ ನೋಡಿ ಅಂತ ಅತ್ತೆ ಫೋನಿನಲ್ಲಿ ಮೈಸೂರಿಗೆಲ್ಲ ನನ್ನನ್ನು ಹೊಗಳಿದರು. ನಾಚಿಕೆಯಿಂದ ಸತ್ತೆ. ಆದರೂ ಬಾಯಿ ಬಿಡಲಿಲ್ಲ. ಮಗುವನ್ನು ಆಡಿಸುವ ನೆಪದಲ್ಲಿ ಗೋಡೆ ಮುಟ್ಟಿ ನೋಡುವುದು, ಕಿವಿಯಿಟ್ಟು ಕೇಳುವುದು, ಇದೇ ಕೆಲಸವಾಯಿತು. ಎಲ್ಲಿ ಟಪ್ ಅಂದರೂ ಆ ಕೋಣೆಗೆ ಓಡುತ್ತಿದ್ದೆ.

ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದ ಒಂದು ದಿನ ನೋವೈ ಊರಿನ ನನ್ನ ಆಫೀಸಿಗೆ ಹೆಂಡತಿಯ ಫೋನ್ ಬಂತು. "ರೀ, ಕರೆಂಟ್ ಹೋಗಿ ಎರಡು ಗಂಟೆ ಆಯ್ತು. ಮಗೂಗೆ ಚಳಿ ಆಗತ್ತೇನೋ."

ತೊಟ್ಟಿಲು ಈಚೆ ಎಳೆ ಎಂದು ಆಗಲಾದರೂ ಹೇಳಬೇಕಿತ್ತು. ಈಗಲೇ ಬಂದೆ ಅಂದೆ, ಅಷ್ಟೇ. ಇಪ್ಪತ್ತೈದು ಮೈಲಿ. ಫ್ರೀವೇ ಮೇಲೆಲ್ಲ ಮಂಜುಗಡ್ಡೆ, ಕಾರುಗಳು ತೆವಳುತ್ತಿದ್ದವು. ಕರೆಂಟ್ ಬರಲಿ ಅಂತ ಬೇಡಿಕೊಳ್ಳುತ್ತಿದ್ದೆ. ಮರುಕ್ಷಣ ಅಯ್ಯೋ ಬರುವುದು ಬೇಡ, ಪೈಪು ಸೀಳಿದ್ದರೆ ಅಂದುಕೊಳ್ಳುತ್ತಿದ್ದೆ.

ಶೂ ಬಿಚ್ಚದೆ ಒಳಗೆ ಓಡಿದೆ. ತೊಟ್ಟಿಲನ್ನು ಮಗುಸಮೇತ ಹಜಾರಕ್ಕೆ ಎಳೆದು, ಸುತ್ತಿಗೆ ತಂದು ನನ್ನ ಚಂದದ ಗೋಡೆಗೆ ಬಾರಿಸಿದೆ. ಹೆಂಡತಿ ಮಗುವನ್ನು ಎತ್ತಿಕೊಂಡು ಮೇಲೆ ಹೋದಳು, ನನಗೆ ಹುಚ್ಚು ಹಿಡಿಯಿತೆಂದೇ ತಿಳಿದಿರಬೇಕು. ಇನ್ಸುಲೇಷನ್ ಕಿತ್ತೆ. ಪೈಪಿನ ಮೈಮೇಲೆ ಬೆಳ್ಳಗೆ ಹಿಮದ ಪುಡಿ ಕೂತಿತ್ತು. ಉದ್ದಕ್ಕೂ ಬೆರಳಾಡಿಸಿದೆ. ಸೀಳಿರಲಿಲ್ಲ.

ಅತ್ತೆ ಅಡುಗೆಮನೆಗೆ ಹೋದರು. ಗ್ಯಾಸಿನ ಒಲೆಯನ್ನು ಬೆಂಕಿಕಡ್ಡಿಯಲ್ಲಿ ಹಚ್ಚಿ ನೀರು ಕಾಯಿಸಿದರು. ತಮ್ಮ ಬಾಣಂತಿ ಮಗಳ ಸೊಂಟಕ್ಕೆ ಶಾಖ ಕೊಡುತ್ತಿದ್ದ ಬಟ್ಟೆಗಳನ್ನೇ ಬಿಸಿನೀರಿನಲ್ಲಿ ಅದ್ದಿ ಹಿಂಡಿ ಕೊಟ್ಟರು. ಒಂದಾದ ಮೇಲೊಂದನ್ನು ಪೈಪಿಗೆ ಸುತ್ತುತ್ತ ಕೂತೆ. ಕರೆಂಟ್ ಬಂತು, ಕೆಳಗೆ ಪಂಪು ಗುಂಯ್‌ಗುಟ್ಟಿತು, ಪೈಪು ಮೆಲ್ಲಗೆ ಬೆಚ್ಚಗಾಯಿತು. ಆಗ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಉದ್ದಿನಬೇಳೆಯ ಸುಳ್ಳನ್ನೂ ಬಿಡಲಿಲ್ಲ.

"ಯಾವಾಗಿಂದ ಗೊತ್ತಿತ್ತು ನಿಮಗೆ?" ಎಂದರು.

"ಮೂರು ವಾರ ಆಯ್ತು, ಅತ್ತೆ."

ಅತ್ತೆ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದರು. ಅದರಲ್ಲಿ ನೀರು ಉಳಿದಿರಲಿಲ್ಲ.

"ದಿನಾ ನಾನೇ ಅಲ್ವಾ ಮಗೂನ ಅಲ್ಲಿ ಮಲಗಿಸ್ತಾ ಇದ್ದದ್ದು. ನೀವು ನಿಂತು ನೋಡ್ತಾ ಇದ್ರಿ," ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂರು ವಾರದಿಂದ ನನಗೆ ಗೊತ್ತಿತ್ತೆಂಬುದನ್ನು ಅವರು ನನ್ನ ಹೆಂಡತಿಗೆ ಕೊನೆಗೂ ಹೇಳಲಿಲ್ಲ. ಆ ಗೋಡೆಯನ್ನು ನಾನು ಮತ್ತೆ ಮುಚ್ಚಲಿಲ್ಲ. ಅತ್ತೆ ಹಿಟ್ಟಿನ ಪಾತ್ರೆಯನ್ನು ಮೊದಲಿನಂತೆ ಪೈಪಿನ ಪಕ್ಕ ಇಟ್ಟರು. ತೊಟ್ಟಿಲನ್ನು ಮಾತ್ರ ತಮ್ಮ ಮಂಚದ ಪಕ್ಕಕ್ಕೆ ಎಳೆದುಕೊಂಡರು. ಊರಿಗೆ ಹೊರಡುವ ದಿನದವರೆಗೂ, ನಾನು ಮಗುವನ್ನು ಎತ್ತಿಕೊಂಡಾಗಲೆಲ್ಲ, ಎಲ್ಲಿ ಮಲಗಿಸುತ್ತೇನೆ ಎಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.